ಮಗ್ಗ ನಿಂತ ಮಧ್ಯಾಹ್ನ

ಶೀಲಾ ಎಲ್ಲಿ ಹೋದರೂ ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿರಲಿಲ್ಲ. ಖಾನಾವಳಿಯಲ್ಲಿ ಗೋಡೆ ಕಡೆಯ ಕುರ್ಚಿ, ಬಸ್ಸಿನಲ್ಲಿ ಹಿಂದಿನ ಸೀಟು, ಮದುವೆ ಮನೆಯಲ್ಲಿ ಕಂಬದ ಮರೆ. ಅಕ್ಕಿಕಾಳು ಹಾಕುವ ಹೊತ್ತಿನಲ್ಲಿ ಎಲ್ಲರೂ ಮದುಮಕ್ಕಳ ಮುಖ ನೋಡಿದರೆ ಇವಳು ಮಂಟಪದ ಹಿಂದೆ ಸುಮ್ಮನೆ ನಿಂತವನ ಕೈಗಳನ್ನು ನೋಡುತ್ತಿದ್ದಳು. ಬಾದಾಮಿ ಠಾಣೆಗೆ ಕಾನ್‌ಸ್ಟೆಬಲ್ ಆಗಿ ಸೇರಿದ ಮೇಲೆ ತರಬೇತಿಯ ಕವಾಯತು ಮೈಯಿಂದ ಮೆಲ್ಲಗೆ ಇಳಿದುಹೋಗಿತ್ತು, ಕಣ್ಣಿನಿಂದ ಇಳಿದಿರಲಿಲ್ಲ. ಖಾಕಿಯನ್ನು ಮೊಳೆಗೆ ನೇತುಹಾಕಬಹುದು. ಆ ನೋಟವನ್ನು ಎಲ್ಲಿ ನೇತುಹಾಕುವುದು?

ಗಂಡ ಅನಿಲಕುಮಾರ ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಕಡೆ ಮೇಲ್ವಿಚಾರಕ. ರಜೆಯ ದಿನ ಅವಳು ಅಲ್ಲಿರುವಾಗ ಅವನು ತಡವಾಗಿ ಮನೆಗೆ ಬಂದರೆ ಶೀಲಾ ಬಾಗಿಲಲ್ಲೇ "ಯಾಕ?" ಅನ್ನುವಳು. ರೊಟ್ಟಿ ಬಡಿಸುವಾಗ, "ಯಾರ ಜೋಡಿ ಇದ್ರಿ?" ಅನ್ನುವಳು. ಅವನು ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು, ಎಲ್ಲ ಮುಗಿಯಿತು ಅಂದುಕೊಂಡಾಗ, "ಅಲ್ಲಾ, ಆ ಲಾರಿ ಯಾವ ಕಡಿಂದ ಬಂತಂದ್ರಿ?" ಎಂದು ಮತ್ತೆ ಅದನ್ನೇ ಬೇರೆ ಮಗ್ಗುಲಿನಿಂದ ಎತ್ತುವಳು. ಅನಿಲ ನಗುತ್ತಿದ್ದ. "ಇನ್ನ ಹೆಬ್ಬಟ್ಟ ಒತ್ತೋದೊಂದ ಉಳೀತು ನೋಡು. ಮಸಿ ತಗೊಂಡ ಬಾ, ಒತ್ತತೇನಿ."

ಅವಳೂ ನಗುತ್ತಿದ್ದಳು. ಆದರೆ ಉತ್ತರ ಬರುವ ತನಕ ಕಾಯುತ್ತಿದ್ದಳು.

ನಿದ್ದೆ ಅವಳಿಗೆ ಬಂದರೂ ತೆಳ್ಳಗೆ ಬರುತ್ತಿತ್ತು. ಕಣ್ಣು ಮುಚ್ಚಿದರೆ ಒಂದೇ ಕನಸು. ಅವಳು ಹುಟ್ಟಿದ್ದು ಹಳೇ ಬಾಗಲಕೋಟೆಯಲ್ಲಿ. ಹಿನ್ನೀರು ಬಂದು ಅವರ ಓಣಿ ಮುಳುಗಿದಾಗ ಇನ್ನೂ ಚಿಕ್ಕವಳು. ನವನಗರದ ಅಗಲ ರಸ್ತೆಗಳಲ್ಲಿ ಬೆಳೆದು, ಅಲ್ಲೇ ಶಾಲೆ ಕಾಲೇಜು ಮುಗಿಸಿದಳು. ಆದರೆ ಕನಸು ಮಾತ್ರ ಹೊಸ ಊರಿಗೆ ವಾಸ ಬದಲಿಸಲಿಲ್ಲ. ಕನಸಿನಲ್ಲಿ ಅವಳು ನೀರೊಳಗಿನ ಆ ಓಣಿಯಲ್ಲಿ ಗಸ್ತು ತಿರುಗುತ್ತಾಳೆ. ಕಾಲಲ್ಲಿ ಬೂಟು, ಸಪ್ಪಳವಿಲ್ಲ. ಎರಡೂ ಕಡೆ ಮನೆಗಳು ಹಸಿರು ಬೆಳಕಿನಲ್ಲಿ ತೂಗುತ್ತಿವೆ, ಕಟ್ಟೆಯ ಮೇಲೆ ಮೀನುಗಳು ಕೂತ ಹಾಗೆ ನಿಂತಿವೆ. ಅವಳು ಒಂದೊಂದೇ ಬಾಗಿಲಿಗೆ ಬೀಗ ಬಿದ್ದಿದೆಯೇ ಎಂದು ಕೀಲಿ ಜಗ್ಗಿ ನೋಡುತ್ತಾ ಹೋಗುತ್ತಾಳೆ. ಹಾಕಿದೆ, ಹಾಕಿದೆ, ಇದೂ ಹಾಕಿದೆ. ತವರಿನ ಬಾಗಿಲು ಬರುತ್ತದೆ. ಅದರ ಕೀಲಿಗೆ ಕೈ ಚಾಚುತ್ತಾಳೆ, ಅಷ್ಟರಲ್ಲಿ ಎಚ್ಚರ. ಆ ಒಂದು ಬಾಗಿಲು ಹಾಕಿತ್ತೋ ತೆರೆದಿತ್ತೋ ಅವಳಿಗೆ ಎಂದೂ ಗೊತ್ತಾಗಲಿಲ್ಲ. ಅದೇ ಚಿಂತೆ ಹೊತ್ತು ಹಾಜರಿಗೆ ಹೋಗಿ ನಿಲ್ಲುತ್ತಿದ್ದಳು.

ಮಗಳು ಇಂಚರ ಇಳಕಲ್ಲಿನಲ್ಲಿ ಅತ್ತೆಯ ಹತ್ತಿರ ಬೆಳೆಯುತ್ತಿದ್ದಳು. ಇನ್ನೇನು ಮೂರು ತುಂಬಬೇಕು. ಶೀಲಾಳ ಕೆಲಸಕ್ಕೆ ಹೊತ್ತು ಗೊತ್ತೆಂಬುದಿಲ್ಲ. ಇವತ್ತು ಗುಹೆಗಳ ಹತ್ತಿರ ಬಂದೋಬಸ್ತ್, ನಾಳೆ ಬನಶಂಕರಿಯಲ್ಲಿ, ನಾಡಿದ್ದು ಯಾರೋ ದೊಡ್ಡವರು ಬರುತ್ತಾರೆಂದು ರಸ್ತೆ ಬದಿಗೆ. ವಾರದ ರಜೆ ಬಂತೆಂದರೆ ಗುಳೇದಗುಡ್ಡ, ಕಮತಗಿ, ಅಮೀನಗಡ, ಹುನಗುಂದ ಎಂದು ಊರುಗಳನ್ನು ಜಪಮಾಲೆಯ ಮಣಿಯ ಹಾಗೆ ಸರಿಸುತ್ತಾ ಇಳಕಲ್ಲಿಗೆ ಓಡುತ್ತಿದ್ದಳು. ಕೆಲಸ ಹಗುರಿದ್ದ ದಿನಗಳಲ್ಲಿ ಮಗುವನ್ನೇ ಬಾದಾಮಿಯ ಕ್ವಾರ್ಟರ್ಸಿಗೆ ಕರೆತರುತ್ತಿದ್ದಳು. ಅಲ್ಲಿ ಇಂಚರ ಹಗಲು ಕಣ್ಣು ಮುಚ್ಚುತ್ತಿರಲಿಲ್ಲ. ತಟ್ಟಿದರೂ ಇಲ್ಲ, ತೂಗಿದರೂ ಇಲ್ಲ, ಹಾಡಿದರೆ ಇನ್ನೂ ಚುರುಕು.

ಇಳಕಲ್ಲಿನಲ್ಲಿ ಮಾತ್ರ ದಿನವೂ ಮಧ್ಯಾಹ್ನ ಕಲ್ಲಿನ ಹಾಗೆ ನಿದ್ದೆ. ಶೀಲಾ ಯಾವಾಗ ಫೋನು ಮಾಡಲಿ, "ಮಲಗ್ಯಾಳವ್ವಾ" ಎಂದೇ ಅತ್ತೆ ಗುರುಸಿದ್ದವ್ವನ ಉತ್ತರ.

ಮೊದಮೊದಲು ಇದು ಅವಳಿಗೆ ಸಮಾಧಾನದ ಮಾತಾಗಿತ್ತು. ಆಮೇಲೆ ಬಾಗಲಕೋಟೆಯಲ್ಲಿ ಮಹಿಳಾ ಸಿಬ್ಬಂದಿಗೆಲ್ಲ ಮಕ್ಕಳ ಸುರಕ್ಷತೆಯ ಒಂದು ತರಗತಿ ನಡೆಯಿತು. ಬೇರೆ ಜಿಲ್ಲೆಯ ಅಧಿಕಾರಿಯೊಬ್ಬರು ಒಂದು ಪ್ರಕರಣ ಹೇಳಿದರು. ಮಕ್ಕಳನ್ನು ನೋಡಿಕೊಳ್ಳುವ ಹೆಂಗಸೊಬ್ಬಳು ಕೆಮ್ಮಿನ ಔಷಧಿ ಕುಡಿಸಿ ಕುಡಿಸಿ ಮಲಗಿಸುತ್ತಿದ್ದಳಂತೆ. ಮಗು ಗಲಾಟೆ ಮಾಡುವುದಿಲ್ಲ, ಭಾರೀ ಶಾಣ್ಯಾ ಎಂದು ತಾಯಿ ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದಳಂತೆ. "ಇಂಥವರು ಹೊರಗಿನವರು ಆಗಿರೋದಿಲ್ಲ. ಗೊತ್ತಿದ್ದವರೇ ಆಗಿರ್ತಾರೆ," ಎಂದು ಅಧಿಕಾರಿ ಪುಟ ತಿರುಗಿಸಿದರು. ಶೀಲಾಳೊಳಗೆ ಆ ಪುಟ ತಿರುಗಲೇ ಇಲ್ಲ.

ಅಂದು ಸಂಜೆಯೇ ಅತ್ತೆಗೆ ಫೋನು. "ಅತ್ತೀ, ಇಂಚರನ್ನ ಯಾರ ಮನಿಗೂ ಬಿಡಬ್ಯಾಡ್ರಿ. ಬಾಜೂಕಿನವರಾಗಲಿ, ಬೀಗರಾಗಲಿ. ಯಾರ ಕೈಯಿಂದೂ ಏನೂ ತಿನ್ನಿಸಬಾರದು. ತಿಳೀತಿಲ್ಲೋ?"

"ಆತವ್ವಾ."

"ಆತು ಅಂದ್ರ?"

"ಆತು ಅಂದ್ರ ಆತು. ಇದಕ್ಕೂ ಎರಡ ಅರ್ಥ ಅದಾವೇನ ನಿಮ್ಮ ಠಾಣ್ಯಾಗ?"

"ಈಗ ಎಲ್ಲಿ ಅದಾಳ್ರಿ?"

"ಇಲ್ಲೇ... ಆಡಾಕತ್ತಾಳ."

ಆ 'ಇಲ್ಲೇ' ಆದಮೇಲೆ ಸಣ್ಣದೊಂದು ಖಾಲಿ ಜಾಗ ಇತ್ತು. ಬೇರೆ ಸೊಸೆಯಂದಿರಿಗೆ ಅದು ಕೇಳುತ್ತಿರಲಿಲ್ಲ. ಶೀಲಾಳಿಗೆ ಠಾಣೆ ಕಲಿಸಿದ್ದೇ ಅಂಥ ಖಾಲಿ ಜಾಗಗಳನ್ನು ಕೇಳುವುದನ್ನು.

ಮುಂದೆ ಮಗು ಬಾದಾಮಿಗೆ ಬಂದಾಗ, ಫ್ರಾಕು ಒಗೆಯುತ್ತಿದ್ದ ಶೀಲಾ ಎದೆಯ ಹತ್ತಿರ ಒಂದು ಕೆಂಪು ಕಲೆ ಕಂಡಳು. ತಿಕ್ಕಿದರೂ ಹೋಗಲಿಲ್ಲ. ಮೂಸಿದಳು, ಸಾಬೂನಿನ ವಾಸನೆ. ಕೆಮ್ಮಿನ ಔಷಧಿಯ ಬಣ್ಣ ನೆನಪಾಯಿತು. ಆ ಫ್ರಾಕನ್ನು ಒಣಗಿಸಿ, ಒಂದು ಹೊಸ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಾಯಿ ಮಡಚಿ, ಕಪಾಟಿನ ಮೇಲಿನ ಖಾನೆಗೆ ಸೇರಿಸಿದಳು. ತಾನು ಮಾಡುತ್ತಿರುವುದು ಏನೆಂದು ಅವಳಿಗೆ ಗೊತ್ತಿತ್ತು. ಮಾಡಿದಳು.

ಮಗಳನ್ನು ಎದುರಿಗೆ ಕೂರಿಸಿಕೊಂಡಳು. "ಇಂಚೀ, ಮಧ್ಯಾಹ್ನ ಅಜ್ಜಿ ಕುಡೀಲಿಕ್ಕ ಏನರ ಕೊಡ್ತಾಳೇನು?"

"ಹೂಂ."

"ಏನ ಕೊಡ್ತಾಳ? ಕೆಂಪಂದ?"

"ಹೂಂ."

"ಏನೂ ಕೊಡೂದಿಲ್ಲಾ?"

"ಹೂಂ."

ಠಾಣೆಯಲ್ಲಿ ಯಾರಾದರೂ ಹೀಗೆ ಪ್ರಶ್ನೆ ಕೇಳಿದರೆ ಶೀಲಾಳೇ ತಲೆ ಚಚ್ಚಿಕೊಳ್ಳುತ್ತಿದ್ದಳು. ಮಗು ಸ್ವಲ್ಪ ಹೊತ್ತು ಅಮ್ಮನ ಹುಬ್ಬುಗಳನ್ನು ನೋಡಿತು. ಆಮೇಲೆ ಮುಖ ತಿರುಗಿಸಿ, ಪುಟ್ಟ ಅಂಗೈಯಿಂದ ನೆಲ ಬಡಿಯತೊಡಗಿತು. ಟಪ್, ಟಪ್. ಟಪ್, ಟಪ್. ಅದರ ಕಣ್ಣು ಎಲ್ಲೋ ದೂರ ಹೋಗಿತ್ತು.

ಮಗುವನ್ನು ಇಳಕಲ್ಲಿಗೆ ಬಿಟ್ಟು ಬಂದ ಮೇಲೂ ಆ ಬಡಿತ ಅವಳ ಕಿವಿಯಲ್ಲಿ ಉಳಿಯಿತು. ಕೊನೆಗೆ, ಯಾರಿಗೂ ಹೇಳದೆ, ವಾರದ ನಡುವೆ ರಜೆ ಬದಲಿಸಿಕೊಂಡಳು. ಮಫ್ತಿಯಲ್ಲಿ ಹೋಗುವುದೆಂದು ನಿಶ್ಚಯ ಮಾಡಿದಳು. ಇಳಕಲ್ಲಿನಲ್ಲಿ ಎಂದೂ ತೊಡದ ಚೂಡಿದಾರ, ತಲೆಯಿಂದ ಮೂಗಿನವರೆಗೆ ಸುತ್ತಿದ ಓಢಣಿ.

ಕ್ವಾರ್ಟರ್ಸಿನ ಬಾಗಿಲಲ್ಲಿ ರಮಾಬಾಯಿ ಎದುರಾದಳು. ಸೇವೆಯಲ್ಲಿ ಹಿರಿಯಳು, ಬಾಯಿಯಲ್ಲಿ ಇನ್ನೂ ಹಿರಿಯಳು. "ಎಲ್ಲಿಗೆ ಹೊಂಟೀಯಲೇ ಮಫ್ತಿನ್ಯಾಗ?"

"ಅತ್ತಿ ಮನಿಗಿರಿ, ಅಕ್ಕಾರ."

"ಅತ್ತಿ ಮನಿಗಿ ಯಾರರ ಮಫ್ತಿನ್ಯಾಗ ಹೋಗ್ತಾರೇನ ಹುಚ್ಚಿ? ಸೀರಿ ಉಟಗೊಂಡು, ಕರದಂಟ ಹಿಡಕೊಂಡು ಹೋಗ್ತಾರ. ಯಾರನ್ನ ಹಿಡ್ಯಾಕ ಹೊಂಟಿ?"

ಶೀಲಾ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಬಸ್ಸು ಕೆಂಪು ಗುಡ್ಡಗಳನ್ನು ಹಿಂದೆ ಬಿಟ್ಟು ಕರೀ ಹೊಲಗಳ ನಡುವೆ ಇಳಿಯಿತು. ಬಿಸಿಲು ಇನ್ನೂ ಎಳೆಯದು. ಸೂರ್ಯಕಾಂತಿ ಹೊಲವೊಂದು ಕಿಟಕಿಯಲ್ಲಿ ಬಂದು, ಬಹಳ ಹೊತ್ತು ಜೊತೆಗೆ ಓಡಿ, ಯಾರೋ ಕರೆದ ಹಾಗೆ ಹಿಂದೆ ಉಳಿಯಿತು. ಮುಂದಿನ ಸೀಟಿನಲ್ಲಿ ಒಬ್ಬಾಕೆ ಬಾಯಿ ತೆರೆದು ಮಲಗಿದ್ದಳು. ತೊಡೆಯ ಮೇಲಿನ ಚೀಲ ಜಾರುತ್ತಿತ್ತು, ಕೊರಳ ಸರ ಎಲ್ಲರಿಗೂ ಕಾಣುತ್ತಿತ್ತು. ಎಷ್ಟು ಸುಲಭ ಎಂದು ಶೀಲಾ ಕಳ್ಳನ ಕಣ್ಣಿಂದ ಅಳೆದಳು. ಅದರ ಬೆನ್ನಿಗೇ, ಎಷ್ಟು ಸುಖ ಎಂದೂ ಅನಿಸಿತು. ಈ ಲೋಕದ ಮೇಲೆ ಅಷ್ಟು ಭರವಸೆ ಇಟ್ಟು ಬಾಯಿ ತೆರೆದು ಮಲಗುವುದಕ್ಕೆ ಎಲ್ಲಿ ತರಬೇತಿ ಕೊಡುತ್ತಾರೆ?

ಅತ್ತೆಯ ಓಣಿಯ ತುದಿಯಲ್ಲಿ ಖಾದರಬಾಷಾನ ಚಹಾದ ಅಂಗಡಿ. ಅಲ್ಲಿಂದ ಓಣಿ ಪೂರಾ ಕಾಣುತ್ತದೆ. ಶೀಲಾ ಗೋಡೆ ಕಡೆಯ ಕುರ್ಚಿ ಹಿಡಿದು, ಓಢಣಿಯನ್ನು ಇನ್ನಷ್ಟು ಮೇಲೆಳೆದು, ದನಿ ಬದಲಿಸಿ, "ಒಂದ ಚಾ" ಅಂದಳು.

ಖಾದರಬಾಷಾ ಚಹಾ ತಂದಿಟ್ಟ. "ಸಕ್ಕರಿ ಕಡಿಮಿ ಹಾಕೇನ್ರಿ ಶೀಲಕ್ಕಾರ. ಇವತ್ತ ಬುಧವಾರ ಸೂಟಿ ಏನ್ರಿ?"

ಶೀಲಾ ಓಢಣಿ ಮುಟ್ಟಿ ನೋಡಿಕೊಂಡಳು. "ಹ್ಯಾಂಗ ಗೊತ್ತಾತೋ?"

"ಆ ಮೂಲಿ ಕುರ್ಚಿ ನೀವು ಬಿಟ್ರ ಯಾರೂ ಹಿಡಿಯೂದಿಲ್ರಿ, ಫ್ಯಾನಿನ ಗಾಳಿ ಬರೂದಿಲ್ಲ ಅದಕ್ಕ." ಅವನು ಕೆಳಗೆ ಕಣ್ಣು ಮಾಡಿದ. "ಮತ್ತ ಚೂಡಿದಾರದ ಬುಡಕ ಪೊಲೀಸ್ ಬೂಟ ಹಾಕೋಂಡವರು ನಮ್ಮ ಓಣ್ಯಾಗ ಇನ್ಯಾರ ಅದಾರ?"

ಶೀಲಾಳ ಕಾಲುಗಳು ಕುರ್ಚಿಯ ಕೆಳಗೆ ಸರಿದವು. "ಯಾರ ಮುಂದೂ ಹೇಳಬ್ಯಾಡ," ಅಂದಳು. ಅವನು ಬಾಯಿಗೆ ಬೀಗ ಹಾಕಿದ ಹಾಗೆ ಸನ್ನೆ ಮಾಡಿ ಒಲೆಯ ಕಡೆ ಹೋದ.

ಓಣಿ ಮಧ್ಯಾಹ್ನದ ಕಡೆ ವಾಲುತ್ತಿತ್ತು. ಬಣ್ಣ ಹಾಕಿದ ನೂಲು ಕೋಲುಗಳ ಮೇಲೆ ಒಣಗುತ್ತಿತ್ತು. ಅದರ ಕೆಳಗೆ ಹಾದುಹೋಗುವ ನಾಯಿಯೂ ಕ್ಷಣಕಾಲ ಕೆಂಪಗಾಗುತ್ತಿತ್ತು. ಎಲ್ಲೋ ಒಂದು ಮಗ್ಗ ಶುರುವಾಗಿ ನಿಂತಿತು. ಆಮೇಲೆ ಗುರುಸಿದ್ದವ್ವ ಬಾಗಿಲಿಗೆ ಬಂದಳು, ಬಗಲಲ್ಲಿ ಇಂಚರ. ಓಡಿಹೋಗಿ ಎತ್ತಿಕೊಳ್ಳಬೇಕೆಂಬ ಆಸೆಯನ್ನು ಶೀಲಾ ತರಬೇತಿಯ ಬಲದಿಂದ ಕುರ್ಚಿಗೆ ಒತ್ತಿ ಹಿಡಿದಳು.

ಗುರುಸಿದ್ದವ್ವ ಓಣಿಯ ಆಚೆ ಈಚೆ ನೋಡಿದಳು. ಅದು ಕಳ್ಳನೋಟ, ಶೀಲಾಳಿಗೆ ಸಂಶಯವೇ ಉಳಿಯಲಿಲ್ಲ. ನೋಡಿ, ಬಾಜೂಕಿನ ಮುರ್ತುಜಸಾಬರ ಮನೆಯ ಬಾಗಿಲು ತಟ್ಟಿದಳು. ಮುರ್ತುಜಸಾಬರ ಹೆಂಡತಿ ಸುಗರಾ ಬಾಗಿಲು ತೆರೆದಳು. ಅವಳ ಕೈಯಲ್ಲಿ ಒಂದು ವಾಟಿ ಇತ್ತು, ಅಂಗೈಯಗಲದ ಬಟ್ಟಲು. ಮಗು ಆ ವಾಟಿಯ ಕಡೆ ಎರಡೂ ಕೈ ಚಾಚಿತು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಗುರುಸಿದ್ದವ್ವ ಒಬ್ಬಳೇ ಹೊರಗೆ ಬಂದಳು. ಬಗಲಲ್ಲಿ ಈಗ ಕಾಯಿಪಲ್ಯೆ ತರುವ ಚೀಲ. ಬಾಗಿಲು ಮತ್ತೆ ಮುಚ್ಚಿತು.

ಶೀಲಾ ಫೋನು ಹಚ್ಚಿದಳು. ಓಣಿಯ ನಡುವೆ ಗುರುಸಿದ್ದವ್ವ ನಿಂತು, ಚೀಲ ತಡಕಾಡಿ ಫೋನು ತೆಗೆದು ಕಿವಿಗೆ ಹಿಡಿಯುವುದನ್ನು ಕಣ್ಣಾರೆ ನೋಡುತ್ತಾ ಮಾತಾಡಿದಳು.

"ಅತ್ತೀ, ಇಂಚರ ಎಲ್ಲಿ ಅದಾಳ್ರಿ?"

"ಇಲ್ಲೇ ಮನ್ಯಾಗ ಮಲಗ್ಯಾಳವ್ವಾ. ನನ್ನ ಮಗ್ಗಲದಾಗ."

"ನೀವ ಎಲ್ಲಿ ಅದೀರಿ?"

"ಆಕಿ ಮಗ್ಗಲದಾಗ."

ಬಿಸಿಲಲ್ಲಿ ನಿಂತು ಅಷ್ಟು ಮಾತು ಹೇಳಿ, ಫೋನು ಚೀಲಕ್ಕೆ ಹಾಕಿ, ಗುರುಸಿದ್ದವ್ವ ಸಂತೆಪೇಟೆಯ ಕಡೆ ತಿರುಗಿದಳು.

ಚಹಾ ಅಲ್ಲೇ ಉಳಿಯಿತು. ಶೀಲಾ ಓಣಿ ದಾಟಿದ್ದು ಅವಳಿಗೇ ಗೊತ್ತಾಗಲಿಲ್ಲ. ಮುರ್ತುಜಸಾಬರು ಎಂದರೆ ಎಂಥ ಸಾಧು ಮನುಷ್ಯ, ಬಸುರಿಯಿದ್ದಾಗ ಸುಗರಾಬೀ ತನಗೆ ಹುಣಸೆಚಿಗಳಿ ಮಾಡಿ ತಂದು ಬಾಯಿಗಿಟ್ಟಿದ್ದಳು, ಇದೆಲ್ಲ ಅವಳ ತಲೆಯಲ್ಲಿತ್ತು. ಆದರೆ ಅದರ ಮೇಲೆ 'ಗೊತ್ತಿದ್ದವರೇ ಆಗಿರ್ತಾರೆ' ಎಂಬ ಆ ಅಧಿಕಾರಿಯ ದನಿ ಕೂತಿತ್ತು. ಬಾಗಿಲಿಗೆ ಅಂಗೈ ಅಪ್ಪಳಿಸಿದಳು.

"ಬಾಗಲಾ ತಗೀರಿ! ಪೊಲೀಸ್!"

ತನ್ನ ದನಿ ಕೇಳಿ ತಾನೇ ಬೆಚ್ಚಿದಳು. ಬಾಗಿಲು ಬರೀ ಮುಚ್ಚಿಕೊಂಡಿತ್ತು, ಅಗಳಿ ಹಾಕಿರಲಿಲ್ಲ. ಅಂಗೈಯ ಪೆಟ್ಟಿಗೇ ತೆರೆದುಕೊಂಡಿತು.

ಒಳಗೆ ಅರೆಬೆಳಕು. ಮುರ್ತುಜಸಾಬರು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತಿದ್ದರು. ಲಾಳಿ ಆಚೆಯಿಂದ ಈಚೆಗೆ ಹೋಗುತ್ತಿತ್ತು, ಹಲಗೆ ಬಡಿಯುತ್ತಿತ್ತು. ಟಪ್, ಟಪ್. ಟಪ್, ಟಪ್. ಮಗ್ಗದ ಪಕ್ಕದಲ್ಲೇ ಕೌದಿಯ ಮೇಲೆ ಇಂಚರ ಆಗಲೇ ಮಲಗಿಬಿಟ್ಟಿದ್ದಳು.

"ಮಗ್ಗಾ ನಿಲ್ಲಸ್ರಿ!" ಅಂದಳು ಶೀಲಾ.

ಮುರ್ತುಜಸಾಬರು ನಿಲ್ಲಿಸಿದರು.

ಶೀಲಾ ಸುಗರಾಳ ಕೈಯಿಂದ ವಾಟಿ ಕಸಿದುಕೊಂಡಳು. ತಳದಲ್ಲಿ ಬೆಳ್ಳಗೆ ಏನೋ ಉಳಿದಿತ್ತು. ಬೆಳಕಿಗೆ ಹಿಡಿದು ನೋಡಿದಳು, ಮೂಸಿದಳು. "ಏನಿದು? ಏನ ಹಾಕೀರಿ ಇದರಾಗ? ದಿನಾ ಕುಡಸ್ತೀರೇನು?"

ಸುಗರಾ ಒಂದು ಗಳಿಗೆ ಅವಳ ಮುಖ ನೋಡಿದಳು. ಓಢಣಿ ಜಾರಿ ಕೊರಳಿಗೆ ಬಿದ್ದಿತ್ತು, ಗುರುತು ಸಿಕ್ಕಿತ್ತು. ವಾಟಿಯನ್ನು ತಿರುಗಿ ತೆಗೆದುಕೊಂಡಳು, ಉಳಿದದ್ದನ್ನು ಒಂದೇ ಗುಟುಕಿಗೆ ತಾನು ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಜ್ವಾಳದ ಅಂಬಲಿ," ಅಂದಳು. "ಮಜ್ಜಿಗಿ ಹಾಕೀನಿ. ಉಪ್ಪ ಜರಾ ಕಡಿಮಿ ಆಗೇತಿ. ಅದನ್ನೂ ಬರಕೋ ಬೇಟಿ."

ಆ ನಿಶ್ಶಬ್ದದಲ್ಲಿ ಇಂಚರ ಎದ್ದಳು. ಅಮ್ಮನ ಕೂಗಿಗೆ ಏಳದ ಮಗು ಮಗ್ಗ ನಿಂತದ್ದಕ್ಕೆ ಎದ್ದಿತ್ತು. ಎದ್ದದ್ದೇ ಚೀರಿ ಅಳತೊಡಗಿತು. ಶೀಲಾ ಎತ್ತಿಕೊಳ್ಳಲು ಬಾಗಿದಳು; ಮಗು ಮೈ ಬಿಗಿ ಮಾಡಿ, ಅವಳ ಕೈಯಿಂದ ಜಾರಿ, ಮುರ್ತುಜಸಾಬರ ತೋಳು ಹಿಡಿಯಿತು. ಅದರ ಮುಷ್ಟಿಯಲ್ಲಿ ಕೆಂಪು ನೂಲಿನ ಒಂದು ತುಣುಕು. ಬೆವರಿಗೆ, ಜೊಲ್ಲಿಗೆ ಬಣ್ಣ ಬಿಟ್ಟು ಅಂಗೈಯೆಲ್ಲ, ಎದೆಯ ಮೇಲೆಲ್ಲ ಕೆಂಪು. ಕಪಾಟಿನ ಮೇಲಿನ ಖಾನೆಯಲ್ಲಿ ಬಾಯಿ ಮಡಚಿಟ್ಟ ಚೀಲ ಶೀಲಾಳ ಕಣ್ಣ ಮುಂದೆ ಬಂತು.

ಇಷ್ಟರಲ್ಲಿ ಗುರುಸಿದ್ದವ್ವ ಸಂತೆ ಅರ್ಧಕ್ಕೇ ಬಿಟ್ಟು ಬಂದಳು. ಖಾದರಬಾಷಾ ಬಾಯಿಗೆ ಹಾಕಿದ ಬೀಗ ಅಷ್ಟೇನೂ ಗಟ್ಟಿ ಇರಲಿಲ್ಲ. ಸೊಸೆಯ ಚೂಡಿದಾರ, ಬೂಟು, ಓಢಣಿ ಎಲ್ಲವನ್ನೂ ಮೇಲಿಂದ ಕೆಳಗೆ ನೋಡಿದಳು.

"ನನ್ನ ಮ್ಯಾಲ ಪಹರೆ ಇಟ್ಟೀಯೇನವ್ವಾ?"

"ನೀವು ಸುಳ್ಳ ಹೇಳಿದ್ರಿ ಅತ್ತೀ. ಓಣ್ಯಾಗ ನಿಂತು ಮನ್ಯಾಗ ಅದೀನಿ ಅಂದ್ರಿ. ನಾ ನೋಡಾಕತ್ತಿದ್ದೆ."

"ಹೇಳಿದೆ. ಹೂಂ, ಹೇಳಿದೆ." ಚೀಲ ನೆಲಕ್ಕೆ ಬಿತ್ತು, ಒಂದು ಬದನೆಕಾಯಿ ಉರುಳಿಹೋಯಿತು. "ಆ ಕೂಸು ಮಗ್ಗದ ಸಪ್ಪಳಾ ಇಲ್ಲದ ಮಲಗೂದಿಲ್ಲ. ನೀ ಫೋನಿನ್ಯಾಗ ಹುಕುಂ ಮಾಡಿದಿ, ಯಾರ ಮನಿಗೂ ಬಿಡಬ್ಯಾಡ ಅಂದಿ. ಬಿಡಲಿಲ್ಲ ಅಂದ್ರ ಕೂಸು ಅಳತೈತಿ, ಬಿಟ್ರ ನೀ ಕೇಳತಿ. ಯಾಕ, ಯಾವಾಗ, ಯಾರಿದ್ರು, ಏನ ಕೊಟ್ರು! ನೀ ಕೇಳೂ ಪರಿ ನೋಡಿದ್ರ ಖರೆ ಹೇಳಾಕ ಅಂಜಿಕಿ ಬರ್ತೈತಿ. ಕಳವ ಮಾಡದಿದ್ರೂ ಕಳ್ಳರಾಗೇವಿ ನಾವು."

ಶೀಲಾಳಿಗೆ ಹೇಳಲು ಬಾಯಿಗೆ ಬಂದದ್ದು ಒಂದೇ. "ನಾ ಇಂಚರನ್ನ ಬಾದಾಮಿಗಿ ಕರಕೊಂಡ ಹೋಗ್ತೇನಿ."

"ಒಯ್ಯಿ," ಅಂದಳು ಗುರುಸಿದ್ದವ್ವ. "ನಿನ್ನ ಮಗಳು. ಒಯ್ಯಿ."

ಆ 'ಒಯ್ಯಿ'ಯ ಹಿಂದೆ ಖಾಲಿ ಜಾಗವೇ ಇರಲಿಲ್ಲ. ಅದು ಪೂರಾ ಮಗುವಿನ ಅಳುವಿನಿಂದ ತುಂಬಿತ್ತು.

ಶೀಲಾ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ತಟ್ಟಿದಳು. ಅತ್ತಿಂದಿತ್ತ ನಡೆದಳು, ಬೂಟಿನ ಸಪ್ಪಳಕ್ಕೆ ಅದು ಇನ್ನೂ ಜೋರು ಮಾಡಿತು. ಅಜ್ಜಿಯ ಕಡೆ ಕೈ ಚಾಚಿ, ಉಸಿರು ಸಿಕ್ಕಿ ಸಿಕ್ಕಿ ಅತ್ತಿತು. ಬಾಗಿಲು ತೆರೆದೇ ಇತ್ತು, ಹೊರಗೆ ರಸ್ತೆ ಇತ್ತು, ಬಸ್ಸೂ ಇತ್ತು. ಬಾದಾಮಿಯ ಕ್ವಾರ್ಟರ್ಸು, ಅಲ್ಲಿಯ ಹಗಲುಗಳು, ನಿದ್ದೆ ಬಾರದ ಈ ಮುಖ. ಹೊಸ್ತಿಲ ತನಕ ಹೋದಳು. ದಾಟಲು ಕಾಲು ಬರಲಿಲ್ಲ.

ಬೆನ್ನ ಹಿಂದಿನಿಂದ ಮುರ್ತುಜಸಾಬರು ಕೆಮ್ಮಿದರು. ಇಷ್ಟು ಹೊತ್ತೂ ಕುಣಿಯಿಂದ ಮೇಲೆ ಬಂದಿರಲಿಲ್ಲ.

"ಯವ್ವಾ ಶೀಲಾ, ಮಗ್ಗಾ ಚಾಲೂ ಮಾಡ್ಲೇನು? ನಿಲ್ಲಸಂತ ಹುಕುಂ ಆಗೇತಿ. ನಡಸಾಕೂ ಆಗಬೇಕಲ್ಲ."

ಸುಗರಾ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. ಶೀಲಾ ತಿರುಗಿದಳು, ತಲೆ ಆಡಿಸಿದಳು. ಅದು ಸಾಲದೆನಿಸಿ, "ಮಾಡ್ರಿ ಕಾಕಾ," ಅಂದಳು.

ಟಪ್, ಟಪ್. ಟಪ್, ಟಪ್.

ಹೆಗಲ ಮೇಲಿನ ಬಿಗಿ ಮೊದಲು ಬೆರಳುಗಳಿಂದ ಬಿಟ್ಟಿತು. ಆಮೇಲೆ ಬೆನ್ನು. ಆಮೇಲೆ ತಲೆ ಅವಳ ಕೊರಳಿನ ಗುಳಿಗೆ ಬಂದು ಬಿತ್ತು. ಪುಟ್ಟ ಅಂಗೈ ಅವಳ ಬೆನ್ನ ಮೇಲೆ ಮೆಲ್ಲಗೆ ಬಡಿಯತೊಡಗಿತು, ಲಾಳಿಯ ಲೆಕ್ಕಕ್ಕೆ ಸರಿಯಾಗಿ. ಬಾದಾಮಿಯಲ್ಲಿ ಮಗು ನೆಲ ಬಡಿದು ಹೇಳಿದ್ದು ಇದನ್ನೇ. ಕೇಳಿದ್ದಕ್ಕೆ ಅದು ನೆಟ್ಟಗೆ ಉತ್ತರ ಕೊಟ್ಟಿತ್ತು.

"ಕುಂಡರು," ಅಂದಳು ಗುರುಸಿದ್ದವ್ವ. ದನಿಯಲ್ಲಿ ಇನ್ನೂ ಮುಳ್ಳಿತ್ತು. "ನಿಂತರ ಕೂಸು ಜೋಲಿ ಹೊಡೀತೈತಿ. ಆ ಬೂಟ ಬಿಚ್ಚು ಮೊದಲ."

ಶೀಲಾ ಬೂಟು ಬಿಚ್ಚಿ ಕೌದಿಯ ಮೇಲೆ ಕೂತಳು. ಆ ಇಕ್ಕಟ್ಟಿನಲ್ಲಿ ಕೂರಲು ಇದ್ದದ್ದು ಒಂದೇ ಜಾಗ. ಎದುರಿಗೆ ಮಗ್ಗ, ಬೆನ್ನಿಗೆ ತೆರೆದ ಬಾಗಿಲು.

"ನಿನಗ ನೆನಪಿಲ್ಲ ಕಾಣತೈತಿ," ಗುರುಸಿದ್ದವ್ವ ಬದನೆಕಾಯಿ ಹೆಕ್ಕಿ ಚೀಲಕ್ಕೆ ಹಾಕಿದಳು. "ಅವ್ವ ಇಲ್ಲದಾಕಿ ಅಂತ ಬಾಣಂತನಾ ನಮ್ಮನ್ಯಾಗ ಮಾಡಿದ್ವಿ. ಬಸುರಿದ್ದಾಗ ಕೆಲಸಕ್ಕ ರಜಾ ಹಾಕಿ ಬಂದಿ. ಕಣ್ಣಿಗಿ ಕಣ್ಣ ಹತ್ತವಲ್ದು ನಿನಗ. ಒಂದಿನಾ ಈ ಗ್ವಾಡಿಗಿ ಆ ಕಡಿಂದ ಬೆನ್ನ ಹಚ್ಚಿ ಕುಂತಿ. ಈ ಕಡಿ ಇವರು ಮಗ್ಗಾ ಹೊಡಿಯಾಕತ್ತಿದ್ರು. ಕುಂತಲ್ಲೇ ಮಲಗಿದಿ. ಅವತ್ತಿಂದ ದಿನಾ ಅಲ್ಲೇ. ಉಣ್ಣಾಕ ಎಬ್ಬಿಸಿದ್ರ ಸಿಟ್ಟ ಮಾಡತಿದ್ದಿ. ಈಗ ಮಗಳ ಪಾಳಿ."

"ಗ್ವಾಡಿ ಅಲಗ್ಯಾಡತೈತಿ ಅಂತ ನಾ ಮೆಲ್ಲಗ ಹೊಡೀತಿದ್ದೆ," ಅಂದರು ಮುರ್ತುಜಸಾಬರು, ಕಣ್ಣು ನೂಲಿನ ಮೇಲೆಯೇ ಇಟ್ಟು. "ನಮ್ಮಾಕಿ ಬಂದು, ಜೋರ ಹೊಡೀರಿ, ಹುಡುಗಿ ಎದ್ದಾಳು ಅಂದ್ಲು."

ಸುಗರಾ ಮೂಲೆಯಲ್ಲಿ ವಾಟಿ ತೊಳೆಯುತ್ತಿದ್ದಳು. "ಚಾಚೀ," ಎಂದು ಶೀಲಾ ಶುರು ಮಾಡಿದಳು.

"ಇರಲಿ ಬಿಡು," ಅಂದಳು ಸುಗರಾ, ಬೆನ್ನು ತಿರುಗಿಸಿಯೇ. "ಇರಲಿ ಅಂದ್ರೂ ಲಗೂನ ಮರಿಯಾಕಾಗೂದಿಲ್ಲ. ಆದ್ರೂ ಇರಲಿ. ನನ್ನ ಮಗಳ ಕೂಸನ್ನ ನಾ ಯಾರ ಕೈಯಾಗೂ ಕೊಡತಿದ್ದಿಲ್ಲ, ನೀ ಪೊಲೀಸಾದ್ರೂ ಅತ್ತಿ ಕೈಯಾಗ ಕೊಟ್ಟಿ."

ಮಗ್ಗದ ಹಾಸಿನ ಎಳೆಗಳು ಶೀಲಾಳ ಮುಂದೆ ನೀರಿನ ಹಾಗೆ ಹರಡಿದ್ದವು. ಲಾಳಿ ಅದರೊಳಗೆ ಮುಳುಗುತ್ತಿತ್ತು, ಆಚೆ ಏಳುತ್ತಿತ್ತು. ಬಾಗಿಲು ಬೆನ್ನಿಗಿದೆ ಎಂಬುದು ಒಮ್ಮೆ ನೆನಪಾಯಿತು. ತಿರುಗಿ ನೋಡಬೇಕು ಅಂದುಕೊಂಡಳು. ಅಂದುಕೊಂಡದ್ದು ಅಷ್ಟೇ.

ಹಸಿರು ಬೆಳಕು. ಕಟ್ಟೆಗಳ ಮೇಲೆ ಮೀನುಗಳು. ಇವತ್ತು ಅವಳ ಕಾಲಲ್ಲಿ ಬೂಟಿಲ್ಲ; ಮೆತ್ತಗಿನ ಕೆಸರು ಬೆರಳ ಸಂದಿಗೆ ಬರುತ್ತದೆ. ನೀರೊಳಗೆ ಎಲ್ಲೋ ಮಗ್ಗ ನಡೆದಿದೆ, ಆ ಸಪ್ಪಳಕ್ಕೆ ಓಣಿಯೇ ಉಸಿರಾಡುತ್ತಿದೆ. ಸಾಲು ಬಾಗಿಲುಗಳ ಮುಂದೆ ಹಾಯುತ್ತಾಳೆ. ಕೀಲಿ ಜಗ್ಗಬೇಕೆಂದು ಕೈಗೆ ಅನಿಸುವುದಿಲ್ಲ. ತವರಿನ ಬಾಗಿಲು ಬರುತ್ತದೆ. ಅದಕ್ಕೆ ಕೀಲಿಯೇ ಇಲ್ಲ. ಇದ್ದದ್ದೇ ಇಲ್ಲ. ಬಾಗಿಲೊಳಗೆ ಅವ್ವ ಕೂತು ಏನೋ ಆರಿಸುತ್ತಿದ್ದಾಳೆ, ತಲೆ ಎತ್ತದೆ, ಬಂದೀಯಾ ಅನ್ನುತ್ತಾಳೆ.

ಎಚ್ಚರಾದಾಗ ಮಗ್ಗ ನಿಂತಿತ್ತು. ಓಣಿಯಲ್ಲಿ ದೀಪ ಹಚ್ಚುವ ಹೊತ್ತು. ಅವಳ ಮೇಲೆ ಯಾರೋ ಹಳೆಯ ಸೀರೆ ಹೊದಿಸಿದ್ದರು. ಇಂಚರ ಅವಳ ಹೊಟ್ಟೆಗೆ ಆನಿಕೊಂಡು ಕೂತು, ಅವಳ ಬೆರಳಿಗೆ ಕೆಂಪು ನೂಲು ಸುತ್ತುತ್ತಿದ್ದಳು. ಹೊಸ್ತಿಲಲ್ಲಿ, ಬಾಗಿಲಿಗೆ ಅಡ್ಡ, ಗುರುಸಿದ್ದವ್ವ ಕಾಲು ಚಾಚಿ ಕೂತು ಬದನೆಕಾಯಿ ಹೆಚ್ಚುತ್ತಿದ್ದಳು.

"ಯಾಕ ಇಲ್ಲಿ ಕುಂತೀರಿ ಅತ್ತೀ?"

"ಬಾಗಲಕ್ಕ ಬೆನ್ನ ಮಾಡಿ ಮಲಗಿದ್ದಿ. ಎದ್ದರ ಅಂಜತಿ ಅಂತ ಕಾಯಾಕತ್ತೀನಿ."

"ಬಸ್ಸು?"

"ಹೋದವು. ಒಂದರ ಹಿಂದ ಒಂದ ಎಷ್ಟ ಹೋದವೋ. ನಾಳಿ ನಸಿಕಿನ್ಯಾಗಿಂದು ಐತಿ, ಅನಿಲ ಗಾಡಿ ಮ್ಯಾಲ ಸ್ಟ್ಯಾಂಡಿಗಿ ಬಿಡ್ತಾನ." ಗುರುಸಿದ್ದವ್ವ ಹೆಚ್ಚುವುದನ್ನು ನಿಲ್ಲಿಸಿದಳು. ತಲೆ ಎತ್ತಲಿಲ್ಲ. "ಒಬ್ಬಾಕೀನೋ, ಇಬ್ಬರೋ?"

ಇಂಚರ ನೂಲಿಗೆ ಗಂಟು ಹಾಕಲು ಒದ್ದಾಡುತ್ತಿದ್ದಳು. ಶೀಲಾ ಬೆರಳು ನೆಟ್ಟಗೆ ಹಿಡಿದಳು.

"ಒಬ್ಬಾಕೀನ್ರಿ."

ಗುರುಸಿದ್ದವ್ವನ ಈಳಿಗೆಯ ಮೇಲೆ ಬದನೆಕಾಯಿ ಜೋರಾಗಿ ಓಡತೊಡಗಿತು.

ಶೀಲಾ ಎದ್ದು ಹೋಗಿ ಅತ್ತೆಯ ಪಕ್ಕ ಹೊಸ್ತಿಲಲ್ಲಿ ಕೂತಳು. ಓಣಿಯಲ್ಲಿ ಯಾವುದೋ ಬೈಕು ಹಾದುಹೋಯಿತು. ಅದರ ನಂಬರನ್ನು ಕಣ್ಣು ಓದಿಬಿಟ್ಟಿತು, ಅದಕ್ಕೆ ಬೇರೆ ಏನು ಗೊತ್ತು. ಆಮೇಲೆ ಅತ್ತೆಯ ಕಡೆ ತಿರುಗಿದಳು.

"ಅತ್ತೀ, ನಾ ಇಲ್ಲದಾಗ ಇಂಚರ ಏನೇನ ಮಾಡತಾಳ, ಹೇಳ್ರಿ."

ಗುರುಸಿದ್ದವ್ವ ಓರೆಗಣ್ಣಿನಿಂದ ಸೊಸೆಯನ್ನು ಅಳೆದಳು. ಕೇಳುವವಳು ಯಾರು ಎಂದು ನೋಡಿದಳು. ನೋಡಿ, ಹೇಳತೊಡಗಿದಳು. ಮುಂಜಾನೆ ಖಾದರಬಾಷಾನ ಅಂಗಡಿಗೆ ಹೋಗಿ ಬಿಸ್ಕೀಟು ಈಸಿಕೊಳ್ಳುವುದು, ಸುಗರಾಳ ಆಡಿನ ಕಿವಿ ಹಿಡಿಯುವುದು, ಬಿದ್ದು ಮೊಣಕಾಲು ಕೆತ್ತಿಸಿಕೊಂಡದ್ದು, ಅದಕ್ಕೆ ಅರಿಷಿಣ ಹಚ್ಚಿದ್ದು. ಎಲ್ಲವೂ ಬಂತು, ಫೋನಿನಲ್ಲಿ ಬಾರದ್ದೆಲ್ಲ ಒಂದರ ಹಿಂದೆ ಒಂದು, ಹಿಂದುಮುಂದಾಗಿ ಬಂತು. ಬಿದ್ದದ್ದು ಮೊದಲು ಮುಂಜಾನೆ ಎಂದಳು, ಆಮೇಲೆ ಸಂಜೆ ಎಂದಳು. ಆಡಿನ ಮುಂದೆ ಎಂದಳು, ಆಮೇಲೆ ಬಾವಿಯ ಕಟ್ಟೆ ಎಂದಳು.

ಯಾವುದು ಸರಿ ಎಂದು ಶೀಲಾ ಕೇಳಲಿಲ್ಲ. ಬೆರಳಿಗೆ ಸುತ್ತಿದ ನೂಲು ಬಿಚ್ಚದೆ, ಕತೆ ಹೋದ ಕಡೆಗೆಲ್ಲ ತಾನೂ ಹೋದಳು.